ತ್ರಿಭುಜದ ನಡು ಎಲ್ಲಿದೆ? ಎರಡು ಹಾಳೆ, ಒಂದು ಕೈವಾರ, ನಾಲ್ಕು ಚುಕ್ಕಿ

ಅಕ್ಕನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ರೇಖಾಗಣಿತದ ನೋಟ್ಸ್ ಹಿಡಿದುಕೊಂಡು ಬಂದಳು. "ಮಾಮಾ, ವೃತ್ತದ ನಡು ತೋರಿಸು ಅಂದ್ರೆ ತೋರಿಸ್ತೀನಿ. ಚೌಕದ್ದೂ ತೋರಿಸ್ತೀನಿ. ತ್ರಿಭುಜಕ್ಕೆ ಮಾತ್ರ ನಾಲ್ಕು ನಡು ಕೊಟ್ಟಿದ್ದಾರೆ. ಅದರಲ್ಲಿ ನಿಜವಾದದ್ದು ಯಾವುದು?" ಅಂದಳು.

ನಾಲ್ಕರ ಹೆಸರೂ ಅವಳಿಗೆ ಬಾಯಿಪಾಠ ಇತ್ತು. ಗುರುತ್ವಕೇಂದ್ರ, ಪರಿಕೇಂದ್ರ, ಅಂತಃಕೇಂದ್ರ, ಲಂಬಕೇಂದ್ರ. ಯಾವ ಗೆರೆ ಎಳೆದರೆ ಯಾವುದು ಸಿಗುತ್ತದೆ ಅನ್ನೋದು ಮಾತ್ರ ಪ್ರತಿ ಸಲ ಅದಲು ಬದಲಾಗುತ್ತಿತ್ತು. ನನಗೂ ಆ ವಯಸ್ಸಿನಲ್ಲಿ ಹಾಗೇ ಆಗುತ್ತಿತ್ತು. ಯಾಕೆ ಅಂತ ಆವತ್ತು ಅವಳ ಪ್ರಶ್ನೆ ಕೇಳಿದ ಮೇಲೆ ಹೊಳೆಯಿತು. ನಮಗೆ ನಾಲ್ಕು ಉತ್ತರಗಳನ್ನು ಕಲಿಸುತ್ತಾರೆ, ಅವು ಯಾವ ಪ್ರಶ್ನೆಯ ಉತ್ತರಗಳು ಅಂತ ಹೇಳುವುದಿಲ್ಲ. ಮೂರು ಮೂಲೆಗೂ ಸಮದೂರದಲ್ಲಿರುವ ಜಾಗ ಎಲ್ಲಿ ಅಂತ ಕೇಳಿದರೆ ಒಂದು ಚುಕ್ಕಿ ಸಿಗುತ್ತದೆ. ಮೂರು ಬಾಹುಗಳಿಗೂ ಸಮದೂರ ಎಲ್ಲಿ ಅಂದರೆ ಇನ್ನೊಂದು. ಬೆರಳ ತುದಿಯ ಮೇಲೆ ನಿಲ್ಲಿಸಬೇಕಾದರೆ ಎಲ್ಲಿ ಹಿಡಿಯಬೇಕು ಅಂದರೆ ಮತ್ತೊಂದು. ವೃತ್ತದಲ್ಲಿ, ಚೌಕದಲ್ಲಿ ಈ ಮೂರೂ ಪ್ರಶ್ನೆಗೆ ಒಂದೇ ಉತ್ತರ ಬರುತ್ತದೆ, ಅದಕ್ಕೇ ಅಲ್ಲಿ ಗೊಂದಲ ಇಲ್ಲ. ತ್ರಿಭುಜದಲ್ಲಿ ಉತ್ತರಗಳು ಬೇರೆ ಬೇರೆ.

ಅವತ್ತು ನಾವಿಬ್ಬರೂ ಕೂತು ಬರೆದ ರೀತಿಯಲ್ಲೇ ಇಲ್ಲಿ ಹೇಳುತ್ತೇನೆ. ಸುಮ್ನೆ ಓದಿಕೊಂಡು ಹೋಗಬೇಡಿ, ಜೊತೆಗೆ ಬರೆಯಿರಿ. ಒಂದು ಗಂಟೆ ಸಾಕು.

ಮೊದಲ ಹಾಳೆ

ಗೆರೆಯಿಲ್ಲದ ಬಿಳಿ ಹಾಳೆ, ಚೂಪಾದ ಪೆನ್ಸಿಲ್, ಸ್ಕೇಲು, ಸೆಟ್ ಸ್ಕ್ವೇರ್, ಕೈವಾರ ತಗೊಳ್ಳಿ. ಪೆನ್ಸಿಲ್ ನಿಜವಾಗಲೂ ಚೂಪಾಗಿರಲಿ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಾವು ಬರೆಯುವ ತ್ರಿಭುಜದ ಬಾಹುಗಳು 13, 14 ಮತ್ತು 15 ಸೆಂಟಿಮೀಟರ್. ಮನಸ್ಸಿಗೆ ಬಂದ ಯಾವುದೋ ತ್ರಿಭುಜ ಬರೆದರೂ ನಡೆಯುತ್ತದೆ, ಆದರೆ ಈ ಅಳತೆಯಲ್ಲಿ ಎಲ್ಲ ಲೆಕ್ಕವೂ ನೀಟಾಗಿ ಬರುತ್ತದೆ. ಶಾಲೆಯ ಕೈವಾರ 15 ಸೆಂ.ಮೀ. ಅಗಲಕ್ಕೆ ತೆರೆಯದೇ ಹೋಗಬಹುದು, ಹಾಗಾಗಿ ಬೇರೆ ದಾರಿ ಹಿಡಿಯೋಣ. ಹಾಳೆಯ ಕೆಳಗೆ ಐದಾರು ಸೆಂ.ಮೀ. ಜಾಗ ಬಿಟ್ಟು 14 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಎಡತುದಿ ಎ, ಬಲತುದಿ ಬಿ. ಎ ಇಂದ 5 ಸೆಂ.ಮೀ. ದೂರದಲ್ಲಿ ಗುರುತು ಹಾಕಿ, ಅಲ್ಲಿಂದ ಸೆಟ್ ಸ್ಕ್ವೇರ್ ಇಟ್ಟು ನೇರ ಮೇಲಕ್ಕೆ 12 ಸೆಂ.ಮೀ. ಗೆರೆ ಎಳೆಯಿರಿ. ಅದರ ತುದಿ ಸಿ. ಈಗ ಸಿ ಯನ್ನು ಎ ಗೂ ಬಿ ಗೂ ಸೇರಿಸಿ. ಅಳೆದು ನೋಡಿ, ಎಡಗಡೆ 13, ಬಲಗಡೆ 15 ಬಂದಿರುತ್ತದೆ. ನೇರ ಗೆರೆಯ ಎರಡೂ ಪಕ್ಕದಲ್ಲಿ ಪೈಥಾಗೊರಸನ ತ್ರಿವಳಿಗಳು ಕೂತಿವೆ: ಈ ಕಡೆ 5-12-13, ಆ ಕಡೆ 9-12-15. ವಿಸ್ತೀರ್ಣ 14ರ ಅರ್ಧ ಗುಣಿಸು 12, ಅಂದರೆ 84 ಚದರ ಸೆಂ.ಮೀ.

ಇಲ್ಲೇ ಇದೇ ಚಿತ್ರವನ್ನು ಒಂದು ದಪ್ಪ ರಟ್ಟಿನ ಮೇಲೂ ಬರೆದು ಕತ್ತರಿಸಿ ಪಕ್ಕಕ್ಕಿಟ್ಟುಕೊಳ್ಳಿ. ಬೇಕಾಗುತ್ತದೆ.

ಮಧ್ಯರೇಖೆ

ಒಂದು ಮೂಲೆಯಿಂದ ಎದುರಿನ ಬಾಹುವಿನ ಮಧ್ಯಬಿಂದುವಿಗೆ ಎಳೆದ ಗೆರೆ ಮಧ್ಯರೇಖೆ. ಅಷ್ಟೇ. ಅದು ಬಾಹುವಿಗೆ ನೇರವಾಗಿ ಇಳಿಯಬೇಕಿಲ್ಲ, ಮೂಲೆಯ ಕೋನವನ್ನು ಸಮಪಾಲು ಮಾಡಬೇಕಿಲ್ಲ. ಮಕ್ಕಳು ಎಡವುವುದು ಜಾಸ್ತಿ ಇಲ್ಲೇ. ಪುಸ್ತಕದಲ್ಲಿ ಸಮಬಾಹು ಅಥವಾ ಸಮದ್ವಿಬಾಹು ತ್ರಿಭುಜ ಬರೆದು ತೋರಿಸಿರುತ್ತಾರೆ, ಅದರಲ್ಲಿ ತುದಿಯಿಂದ ಇಳಿದ ಗೆರೆ ಮಧ್ಯರೇಖೆಯೂ ಹೌದು, ಎತ್ತರವೂ ಹೌದು, ಕೋನಾರ್ಧಕವೂ ಹೌದು. ಮೂರೂ ಒಂದೇ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದಕ್ಕೇ ನಾನು ಮೂರು ಬಾಹುವೂ ಬೇರೆ ಬೇರೆ ಇರುವ ತ್ರಿಭುಜ ಹಿಡಿದದ್ದು. ನಮ್ಮ ಚಿತ್ರದಲ್ಲಿ ಸಿ ಇಂದ ಇಳಿದ ಎತ್ತರ ಎ ಇಂದ 5 ಸೆಂ.ಮೀ. ಗೆ ಮುಟ್ಟುತ್ತದೆ, ಮಧ್ಯರೇಖೆ 7 ಸೆಂ.ಮೀ. ಗೆ ಮುಟ್ಟುತ್ತದೆ. ಎರಡು ಸೆಂಟಿಮೀಟರ್ ಅಂತರ ಕಣ್ಣಿಗೆ ರಾಚುತ್ತದೆ.

ಬಿಸಿ ಬಾಹುವಿನ ಮಧ್ಯಬಿಂದು ಡಿ, ಸಿಎ ಬಾಹುವಿನದ್ದು ಇ, ಎಬಿ ಬಾಹುವಿನದ್ದು ಎಫ್ ಅಂತ ಗುರುತಿಸಿ ಮೂರೂ ಮಧ್ಯರೇಖೆ ಎಳೆಯಿರಿ. ಎ ಇಂದ ಹೊರಟದ್ದು ಸುಮಾರು 11.2 ಸೆಂ.ಮೀ., ಬಿ ಇಂದ ಹೊರಟದ್ದು 13ಕ್ಕೆ ಕೂದಲೆಳೆ ಕಡಿಮೆ, ಸಿ ಇಂದ ಹೊರಟದ್ದು ಸುಮಾರು 12.2. ಮೂರೂ ಒಂದೇ ಕಡೆ ಸೇರುತ್ತವೆ. ಆ ಚುಕ್ಕಿ ಗುರುತ್ವಕೇಂದ್ರ, ಅದನ್ನು ಜಿ ಅನ್ನೋಣ.

ಸೇರಲಿಲ್ಲವಾ? ನಡುವೆ ಎಳ್ಳುಕಾಳಿನಷ್ಟು ಪುಟ್ಟ ತ್ರಿಭುಜ ಉಳಿಯಿತಾ? ನಮಗೂ ಮೊದಲ ಸಲ ಉಳಿಯಿತು. ಅದು ಪೆನ್ಸಿಲ್ಲಿನ ತಪ್ಪು. ಮಧ್ಯಬಿಂದುವನ್ನು ಅರ್ಧ ಮಿಲಿಮೀಟರ್ ಆಚೀಚೆ ಹಾಕಿದರೂ ಹೀಗಾಗುತ್ತದೆ. ಬಾಹುವನ್ನು ಇನ್ನೊಮ್ಮೆ ಅಳೆಯಿರಿ: 13ರ ಅರ್ಧ 6.5, 14ರ ಅರ್ಧ 7, 15ರ ಅರ್ಧ 7.5. ಮೂರು ಗೆರೆಗಳು ಒಂದೇ ಚುಕ್ಕಿಯಲ್ಲಿ ಸೇರುವುದು ಚಿತ್ರದ ಅದೃಷ್ಟದಿಂದಲ್ಲ, ಅದಕ್ಕೆ ಕಾರಣ ಇದೆ.

ಡಿ ಮತ್ತು ಇ ಯನ್ನು ಸೇರಿಸಿ ಒಂದು ಗೆರೆ ಎಳೆದು ಅಳೆಯಿರಿ. ಸರಿಯಾಗಿ 7 ಸೆಂ.ಮೀ. ಅದು ಎಬಿ ಗೆ ಸಮಾಂತರ, ಉದ್ದ ಎಬಿ ಯ ಅರ್ಧ. ಎರಡು ಬಾಹುಗಳ ಮಧ್ಯಬಿಂದು ಸೇರಿಸಿದರೆ ಯಾವ ತ್ರಿಭುಜದಲ್ಲೂ ಹೀಗೇ. ಈಗ ಎ ಮತ್ತು ಬಿ ಇಂದ ಬಂದ ಎರಡು ಮಧ್ಯರೇಖೆಗಳನ್ನು ಮಾತ್ರ ನೋಡಿ. ಅವು ಕತ್ತರಿ ಹಾಗೆ ಒಂದನ್ನೊಂದು ದಾಟಿವೆ. ಕತ್ತರಿಯ ಕೆಳಗಿನ ಬಾಯಿಯ ಅಗಲ 14, ಮೇಲಿನ ಬಾಯಿಯ ಅಗಲ 7. ಎರಡೂ ಸಮಾಂತರ. ಹಾಗಾದರೆ ಕೆಳಗಿನ ತ್ರಿಭುಜ, ಮೇಲಿನ ತ್ರಿಭುಜ ಎರಡೂ ಸಮರೂಪ, ಒಂದು ಇನ್ನೊಂದರ ಎರಡರಷ್ಟು. ಆದ್ದರಿಂದ ಎ ಇಂದ ಜಿ ವರೆಗಿನ ದೂರ, ಜಿ ಇಂದ ಡಿ ವರೆಗಿನ ದೂರದ ಎರಡರಷ್ಟು. ಅಂದರೆ ಮೂಲೆಯಿಂದ ಮೂರನೇ ಎರಡು ಭಾಗ ನಡೆದರೆ ಜಿ ಸಿಗುತ್ತದೆ. ಸಿ ಇಂದ ಬರುವ ಮಧ್ಯರೇಖೆಯನ್ನೂ ಎ ಯದ್ದರ ಜೊತೆ ಇದೇ ರೀತಿ ಇಟ್ಟು ನೋಡಿದರೆ ಅದೂ ಎ ಯ ಗೆರೆಯನ್ನು ಅದೇ ಮೂರನೇ ಎರಡು ಭಾಗದಲ್ಲೇ ದಾಟಬೇಕು. ಒಂದು ಗೆರೆಯ ಮೇಲೆ ಅಂಥ ಜಾಗ ಒಂದೇ ಇರುವುದು. ಮೂರೂ ಸೇರಲೇಬೇಕು.

2:1 ಅನ್ನೋದನ್ನು ಬಾಯಿಪಾಠ ಮಾಡಿ ದೊಡ್ಡ ಭಾಗ ಮೂಲೆಯ ಕಡೆಗೋ ಬಾಹುವಿನ ಕಡೆಗೋ ಅಂತ ಪರೀಕ್ಷೆಯಲ್ಲಿ ತಡಕಾಡುವವರಿಗೆ ಈ ಕತ್ತರಿ ಚಿತ್ರ ನೆನಪಿದ್ದರೆ ಸಾಕು. ದೊಡ್ಡ ಬಾಯಿ ಮೂಲೆಗಳ ಕಡೆಗಿದೆ, ದೊಡ್ಡ ಭಾಗವೂ ಮೂಲೆಯ ಕಡೆಗೇ.

ರಟ್ಟನ್ನು ನಿಲ್ಲಿಸುವುದು

ಕತ್ತರಿಸಿಟ್ಟ ರಟ್ಟು ತಗೊಳ್ಳಿ. ಎಬಿ ಬಾಹುವಿನಿಂದ 4 ಸೆಂ.ಮೀ. ಮೇಲೆ, ಎ ಯ ನೇರದಿಂದ ಬಲಕ್ಕೆ 6.3 ಸೆಂ.ಮೀ. ದೂರದಲ್ಲಿ ಚುಕ್ಕಿ ಇಡಿ. ಅದೇ ಜಿ. ಎಲ್ಲಿಂದ ಬಂತು ಈ ಅಳತೆ? ಎ ಯನ್ನು ಮೂಲಬಿಂದು ಅಂದುಕೊಂಡರೆ ಮೂರು ಮೂಲೆಗಳು (0, 0), (14, 0), (5, 12). ಮೂರರ ಸರಾಸರಿ ತೆಗೆದರೆ ಆಯಿತು: 19ನ್ನು 3ರಿಂದ ಭಾಗಿಸಿದರೆ 6.33, 12ನ್ನು 3ರಿಂದ ಭಾಗಿಸಿದರೆ 4. ನಾಲ್ಕು ಕೇಂದ್ರಗಳಲ್ಲಿ ಇಷ್ಟು ಸುಲಭದ ಲೆಕ್ಕ ಇರುವುದು ಇದೊಂದಕ್ಕೇ.

ಪೆನ್ಸಿಲ್ಲಿನ ಮೊಂಡು ತುದಿಯ ಮೇಲೆ ಆ ಚುಕ್ಕಿ ಬರುವ ಹಾಗೆ ರಟ್ಟನ್ನು ಇಡಿ. ನಿಲ್ಲುತ್ತದೆ. ಸ್ವಲ್ಪ ಆಚೀಚೆ ಆದರೆ ಒಂದು ಕಡೆ ವಾಲುತ್ತದೆ. ನಮ್ಮ ಹುಡುಗಿ ಇದನ್ನು ಹತ್ತು ಸಲ ಮಾಡಿದಳು. ಲೆಕ್ಕ ಹಾಕಿ ಇಟ್ಟ ಚುಕ್ಕಿಯ ಮೇಲೆ ಒಂದು ವಸ್ತು ಅಲುಗಾಡದೆ ನಿಲ್ಲುವುದನ್ನು ನೋಡುವ ಖುಷಿಯೇ ಬೇರೆ.

ಯಾಕೆ ನಿಲ್ಲುತ್ತದೆ? ತ್ರಿಭುಜವನ್ನು ಎಬಿ ಗೆ ಸಮಾಂತರವಾಗಿ ತೆಳ್ಳನೆ ಪಟ್ಟಿಗಳಾಗಿ ಸೀಳಿದ್ದೀವಿ ಅಂದುಕೊಳ್ಳಿ. ಪ್ರತಿ ಪಟ್ಟಿಯೂ ತನ್ನ ನಡುವಿನಲ್ಲಿ ತೂಗುತ್ತದೆ. ಆ ನಡುಗಳೆಲ್ಲ ಸಿ ಇಂದ ಇಳಿದ ಮಧ್ಯರೇಖೆಯ ಮೇಲೇ ಸಾಲಾಗಿ ಬರುತ್ತವೆ. ಹಾಗಾಗಿ ಇಡೀ ರಟ್ಟು ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ತೂಗಬೇಕು. ಬೇರೆ ಬಾಹುವಿಗೆ ಸಮಾಂತರವಾಗಿ ಸೀಳಿದರೆ ಇನ್ನೊಂದು ಮಧ್ಯರೇಖೆಯ ಮೇಲೂ ತೂಗಬೇಕು. ಎರಡರ ಮೇಲೂ ಇರುವ ಚುಕ್ಕಿ ಜಿ ಒಂದೇ. ತ್ರಿಭುಜ ತೂಗುವುದು ಮಧ್ಯರೇಖೆಗಳು ಸೇರುವ ಕಡೆ ಅನ್ನೋದನ್ನು ಕ್ರಿ.ಪೂ. 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಸಾಧಿಸಿ ತೋರಿಸಿದ್ದ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ, ಸ್ವಲ್ಪ ನಿಂತು ನೋಡೋಣ. ಮಧ್ಯರೇಖೆ ತ್ರಿಭುಜದ ವಿಸ್ತೀರ್ಣವನ್ನು ಸರಿಯಾಗಿ ಎರಡು ಭಾಗ ಮಾಡುತ್ತದೆ. ಎರಡೂ ಕಡೆ ಪಾದ ಸಮ, ಎತ್ತರ ಒಂದೇ, ಹಾಗಾಗಿ 42, 42. ಮೂರೂ ಮಧ್ಯರೇಖೆ ಸೇರಿ ಆರು ಚಿಕ್ಕ ತ್ರಿಭುಜ ಮಾಡುತ್ತವೆ, ನೋಡಲು ಒಂದೊಂದೂ ಒಂದೊಂದು ಆಕಾರ, ಆದರೆ ಪ್ರತಿಯೊಂದರ ವಿಸ್ತೀರ್ಣವೂ 14. ಇದನ್ನೆಲ್ಲ ಕಲಿತ ಮೇಲೆ ಜಿ ಮೂಲಕ ಯಾವ ಗೆರೆ ಎಳೆದರೂ ತ್ರಿಭುಜ ಸಮಭಾಗ ಆಗುತ್ತದೆ ಅನಿಸುತ್ತದೆ ಅಲ್ವಾ? ಆಗುವುದಿಲ್ಲ. ಜಿ ಮೂಲಕ ಎಬಿ ಗೆ ಸಮಾಂತರವಾಗಿ ಗೆರೆ ಎಳೆಯಿರಿ. ಮೇಲೆ ಉಳಿದ ತ್ರಿಭುಜದ ಎತ್ತರ 8, ಅಂದರೆ ಪೂರ್ತಿ ಎತ್ತರದ ಮೂರನೇ ಎರಡು. ಅದರ ವಿಸ್ತೀರ್ಣ ಪೂರ್ತಿಯ ಒಂಬತ್ತನೇ ನಾಲ್ಕು, ಸುಮಾರು 37.3. ಕೆಳಗಿನ ತುಂಡು ಸುಮಾರು 46.7. ಕೆಳಗೆ ರಟ್ಟು ಜಾಸ್ತಿ ಇದೆ, ಆದರೂ ಸ್ಕೇಲಿನ ಅಂಚನ್ನು ಆ ಗೆರೆಯ ಕೆಳಗೆ ಹಿಡಿದರೆ ರಟ್ಟು ತೂಗಿ ನಿಲ್ಲುತ್ತದೆ. ಕಾರಣ, ಮೇಲಿನ ತುಂಡು ಗೆರೆಯಿಂದ 8 ಸೆಂ.ಮೀ. ದೂರದವರೆಗೂ ಚಾಚಿದೆ, ಕೆಳಗಿನದ್ದು 4 ಸೆಂ.ಮೀ. ಗೇ ಮುಗಿಯುತ್ತದೆ. ಏತದ ಹಲಗೆಯ ತುದಿಯಲ್ಲಿ ಕೂತ ಚಿಕ್ಕ ಮಗು, ನಡುವಿಗೆ ಹತ್ತಿರ ಕೂತ ದೊಡ್ಡವರನ್ನು ತೂಗುವ ಹಾಗೆ. ತೂಗುವುದು ಬೇರೆ, ಸಮಪಾಲಾಗುವುದು ಬೇರೆ. ಗುರುತ್ವಕೇಂದ್ರ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ.

ಸಮದೂರದ ಎರಡು ಚುಕ್ಕಿಗಳು

ಹಾಳೆಗೆ ವಾಪಸ್ ಬನ್ನಿ. ಮೂರು ಮೂಲೆಗಳಲ್ಲಿ ಮೂರು ಮನೆ ಇವೆ, ಮೂರಕ್ಕೂ ಸಮದೂರದಲ್ಲಿ ಬಾವಿ ತೋಡಬೇಕು. ಎಲ್ಲಿ?

ಮೊದಲು ಎರಡು ಮನೆಯ ಲೆಕ್ಕ ಮುಗಿಸಿ. ಎ ಗೂ ಬಿ ಗೂ ಸಮದೂರ ಇರುವ ಜಾಗಗಳೆಲ್ಲ ಎಬಿ ಯ ಲಂಬಾರ್ಧಕದ ಮೇಲಿವೆ. ಲಂಬಾರ್ಧಕ ಅಂದರೆ ಬಾಹುವಿನ ಮಧ್ಯಬಿಂದುವಿನಲ್ಲಿ ನೆಟ್ಟಗೆ ನಿಂತ ಗೆರೆ. ಅದು ಮೂಲೆಯ ಮೂಲಕ ಹೋಗಲೇಬೇಕು ಅಂತಿಲ್ಲ. ಬಿ ಗೂ ಸಿ ಗೂ ಸಮದೂರ ಇರುವ ಜಾಗಗಳು ಬಿಸಿ ಯ ಲಂಬಾರ್ಧಕದ ಮೇಲಿವೆ. ಎರಡು ಗೆರೆ ಸೇರಿದ ಕಡೆ ಎ, ಬಿ ಗೂ ಸಮ, ಬಿ, ಸಿ ಗೂ ಸಮ. ಹಾಗಾದರೆ ಎ, ಸಿ ಗೂ ಸಮ ಆಗಲೇಬೇಕು, ಮೂರನೇ ಲಂಬಾರ್ಧಕ ತಾನಾಗಿ ಅಲ್ಲಿಗೆ ಬರುತ್ತದೆ. ಈ ಚುಕ್ಕಿ ಪರಿಕೇಂದ್ರ. ನಮ್ಮ ಹಾಳೆಯಲ್ಲಿ ಅದು ಎ ಇಂದ ಬಲಕ್ಕೆ 7, ಮೇಲಕ್ಕೆ 4.1 ಸೆಂ.ಮೀ. ಹತ್ತಿರ ಸಿಗುತ್ತದೆ. ಕೈವಾರದ ಮುಳ್ಳನ್ನು ಅಲ್ಲಿಟ್ಟು 8.1 ಸೆಂ.ಮೀ. ತೆರೆದು ಸುತ್ತಿಸಿ. ವೃತ್ತ ಮೂರು ಮೂಲೆಯನ್ನೂ ಮುಟ್ಟಿಕೊಂಡು ಹೋಗುತ್ತದೆ. ಇದು ಪರಿವೃತ್ತ.

ಇನ್ನೊಂದು ಪ್ರಶ್ನೆ: ಮೂರು ಬಾಹುಗಳಿಗೂ ಸಮದೂರ ಎಲ್ಲಿ? ಎರಡು ಗೆರೆಗಳಿಗೆ ಸಮದೂರ ಇರುವ ಜಾಗಗಳು ಅವುಗಳ ಕೋನಾರ್ಧಕದ ಮೇಲಿರುತ್ತವೆ, ಮುಂದಿನ ವಾದ ಮೇಲಿನದ್ದೇ. ಎ ಮತ್ತು ಬಿ ಕೋನಗಳನ್ನು ಕೈವಾರದಿಂದ ಅರ್ಧಿಸಿ. ಸೇರುವ ಚುಕ್ಕಿ ಅಂತಃಕೇಂದ್ರ, ಬಲಕ್ಕೆ 6, ಮೇಲಕ್ಕೆ 4. ಅಲ್ಲಿಂದ 4 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದರೆ ಮೂರು ಬಾಹುಗಳನ್ನೂ ಒಳಗಿನಿಂದ ಮುಟ್ಟುತ್ತದೆ. ಇದು ಅಂತರ್ವೃತ್ತ. ಆ 4 ಎಲ್ಲಿಂದ ಬಂತು ಅಂದರೆ, ವಿಸ್ತೀರ್ಣ 84ನ್ನು ಸುತ್ತಳತೆಯ ಅರ್ಧ 21ರಿಂದ ಭಾಗಿಸಿ.

ತ್ರಿಭುಜದ ಒಳಗೆ ಹಿಡಿಸುವ ಅತಿ ದೊಡ್ಡ ವೃತ್ತ ಇದೇ. ತ್ರಿಕೋನದ ಹಲಗೆಯಲ್ಲಿ ಆದಷ್ಟು ದೊಡ್ಡ ದುಂಡು ತುಂಡು ಕೊಯ್ಯಬೇಕಾದವರಿಗೆ ಬೇಕಾದದ್ದು ಅಂತಃಕೇಂದ್ರ.

ಲಂಬಕೇಂದ್ರಕ್ಕೆ ಪ್ರಶ್ನೆ ಎಲ್ಲಿದೆ?

ಎತ್ತರ ಅಂದರೆ ಮೂಲೆಯಿಂದ ಎದುರು ಬಾಹುವಿಗೆ ನೆಟ್ಟಗೆ ಇಳಿಸಿದ ಗೆರೆ. ಸಿ ಯಿಂದ ಇಳಿದದ್ದು ಆಗಲೇ ಬರೆದಾಗಿದೆ. ಎ ಯಿಂದ ಬಿಸಿ ಗೆ ಸೆಟ್ ಸ್ಕ್ವೇರ್ ಇಟ್ಟು ಇನ್ನೊಂದು ಎಳೆಯಿರಿ. ಅವು ಬಲಕ್ಕೆ 5, ಮೇಲಕ್ಕೆ 3.75 ಅಳತೆಯಲ್ಲಿ ಸೇರುತ್ತವೆ. ಮೂರನೆಯದೂ ಅಲ್ಲಿಗೇ ಬರುತ್ತದೆ. ಅದು ಲಂಬಕೇಂದ್ರ.

"ಇದು ಯಾವುದಕ್ಕೆ ಸಮದೂರ?" ಅಂತ ಹುಡುಗಿ ಕೇಳಿದಳು. ಮೂಲೆಗಳಿಗಲ್ಲ, ಬಾಹುಗಳಿಗೂ ಅಲ್ಲ. ತೂಗುವುದೂ ಇಲ್ಲ. ಹಾಗಾದರೆ ಮೂರು ಎತ್ತರಗಳು ಯಾಕೆ ಒಂದೇ ಕಡೆ ಸೇರಬೇಕು? ಈ ಪ್ರಶ್ನೆಯ ಉತ್ತರ ನನಗೆ ಇಡೀ ವಿಷಯದಲ್ಲೇ ತುಂಬ ಇಷ್ಟ. ನಿಧಾನವಾಗಿ ಹೇಳುತ್ತೇನೆ.

ಪ್ರತಿ ಮೂಲೆಯ ಮೂಲಕ ಎದುರಿನ ಬಾಹುವಿಗೆ ಸಮಾಂತರವಾಗಿ ಒಂದೊಂದು ಉದ್ದ ಗೆರೆ ಎಳೆಯಿರಿ. ಹಾಳೆಯಲ್ಲಿ ಜಾಗ ಸಾಲುವುದಿಲ್ಲ, ಇನ್ನೊಂದು ಹಾಳೆಯಲ್ಲಿ ಅಳತೆಯನ್ನು ಅರ್ಧ ಮಾಡಿಕೊಂಡು ಬರೆಯಿರಿ. ಈ ಮೂರು ಗೆರೆ ಸೇರಿ ಒಂದು ದೊಡ್ಡ ತ್ರಿಭುಜ ಆಗುತ್ತದೆ, ನಮ್ಮ ತ್ರಿಭುಜ ಅದರ ಹೊಟ್ಟೆಯೊಳಗೆ ತಲೆಕೆಳಗಾಗಿ ಕೂತಿರುತ್ತದೆ. ದೊಡ್ಡದರ ಬಾಹುಗಳು ನಮ್ಮದರ ಎರಡರಷ್ಟು, ಮತ್ತು ನಮ್ಮ ಮೂಲೆಗಳು ಎ, ಬಿ, ಸಿ ಸರಿಯಾಗಿ ದೊಡ್ಡದರ ಬಾಹುಗಳ ಮಧ್ಯಬಿಂದುಗಳು. ಈಗ ಸಿ ಯಿಂದ ಇಳಿದ ನಮ್ಮ ಎತ್ತರವನ್ನು ನೋಡಿ. ಅದು ಎಬಿ ಗೆ ಲಂಬ, ಹಾಗಾಗಿ ಎಬಿ ಗೆ ಸಮಾಂತರವಾಗಿರುವ ದೊಡ್ಡ ಬಾಹುವಿಗೂ ಲಂಬ. ಅದು ಹೊರಡುವುದು ಆ ಬಾಹುವಿನ ಮಧ್ಯಬಿಂದುವಿನಿಂದ. ಅಂದರೆ ನಮ್ಮ ಎತ್ತರ ದೊಡ್ಡ ತ್ರಿಭುಜದ ಲಂಬಾರ್ಧಕ! ಮೂರೂ ಹಾಗೇ. ಲಂಬಾರ್ಧಕಗಳು ಒಂದೇ ಕಡೆ ಸೇರುತ್ತವೆ ಅಂತ ಆಗಲೇ ಗೊತ್ತು. ಎತ್ತರಗಳೂ ಸೇರುತ್ತವೆ. ನಮ್ಮ ಲಂಬಕೇಂದ್ರ ಬೇರೇನೂ ಅಲ್ಲ, ದೊಡ್ಡ ತ್ರಿಭುಜದ ಪರಿಕೇಂದ್ರ. ಅವಳು ಕೇಳಿದ ಸಮದೂರ ಅಲ್ಲಿದೆ, ದೊಡ್ಡದರ ಮೂರು ಮೂಲೆಗಳಿಗೆ.

ಇಷ್ಟಕ್ಕೇ ನಿಲ್ಲಬೇಡಿ. ದೊಡ್ಡ ತ್ರಿಭುಜದ ಮಧ್ಯರೇಖೆಗಳನ್ನು ಎಳೆಯಿರಿ. ಅವು ನಮ್ಮ ಮಧ್ಯರೇಖೆಗಳ ಮೇಲೇ ಬೀಳುತ್ತವೆ. ಜಿ ಎರಡಕ್ಕೂ ಒಂದೇ. ಹಾಗಾದರೆ ನಮ್ಮ ತ್ರಿಭುಜವನ್ನು ಜಿ ಯಲ್ಲಿ ಗುಂಡುಸೂಜಿ ಚುಚ್ಚಿ ಅರ್ಧ ಸುತ್ತು ತಿರುಗಿಸಿ, ಎರಡರಷ್ಟು ಹಿಗ್ಗಿಸಿದರೆ ದೊಡ್ಡದೇ ಸಿಗುತ್ತದೆ. ಹಾಗೆ ಮಾಡುವಾಗ ನಮ್ಮ ಪರಿಕೇಂದ್ರ ಎಲ್ಲಿಗೆ ಹೋಗುತ್ತದೆ? ಜಿ ಯ ಆಚೆಗೆ, ಎರಡರಷ್ಟು ದೂರಕ್ಕೆ. ಹೋಗಿ ಕೂರುವುದು ದೊಡ್ಡದರ ಪರಿಕೇಂದ್ರದ ಜಾಗದಲ್ಲಿ. ಆ ಜಾಗ ನಮ್ಮ ಲಂಬಕೇಂದ್ರ. ಅಲ್ಲಿಗೆ ಪರಿಕೇಂದ್ರ, ಗುರುತ್ವಕೇಂದ್ರ, ಲಂಬಕೇಂದ್ರ ಮೂರೂ ಒಂದೇ ಗೆರೆಯಲ್ಲಿವೆ, ಮತ್ತು ಜಿ ಇಂದ ಲಂಬಕೇಂದ್ರಕ್ಕಿರುವ ದೂರ, ಜಿ ಇಂದ ಪರಿಕೇಂದ್ರಕ್ಕಿರುವ ದೂರದ ಎರಡರಷ್ಟು. ಇದನ್ನು ಆಯ್ಲರ್ ರೇಖೆ ಅನ್ನುತ್ತಾರೆ, 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಕಂಡುಕೊಂಡದ್ದು. ಯೂಕ್ಲಿಡನ ಕಾಲದಿಂದ ಎರಡು ಸಾವಿರ ವರ್ಷ ಜನ ತ್ರಿಭುಜ ಬರೆಯುತ್ತಲೇ ಇದ್ದರು, ಈ ಗೆರೆ ಅಷ್ಟು ತಡವಾಗಿ ಕಣ್ಣಿಗೆ ಬಿತ್ತು.

ನಾನು ಹೇಳಿದ ತಪ್ಪು

ಮೊದಲ ಹಾಳೆಯಲ್ಲಿ ಪರಿಕೇಂದ್ರ, ಲಂಬಕೇಂದ್ರ ಸೇರಿಸಿ ಗೆರೆ ಎಳೆದೆವು. ಉದ್ದ ಬರೀ 2 ಸೆಂ.ಮೀ. ಜಿ ಅದರ ಮೇಲೆ ಕೂತಿತ್ತು. ಅಂತಃಕೇಂದ್ರವೂ ಅದರ ಮೇಲೇ ಕೂತಿತ್ತು. "ನೋಡು, ನಾಲ್ಕೂ ಒಂದೇ ಗೆರೆಯಲ್ಲಿವೆ" ಅಂತ ನಾನು ಹೇಳಿಬಿಟ್ಟೆ. ಅವಳು ನೋಟ್ಸಿನಲ್ಲಿ ಬರೆದುಕೊಂಡಳು.

ಆಮೇಲೆ ಎರಡನೇ ಹಾಳೆ ತಗೊಂಡೆವು, ವಿಶಾಲಕೋನ ತ್ರಿಭುಜಕ್ಕಾಗಿ. ಅದನ್ನೂ ನೀವು ಬರೆಯಿರಿ. ಎಬಿ ಈ ಸಲ 4 ಸೆಂ.ಮೀ. ಮಾತ್ರ. ಎ ಯಿಂದ ಎಡಕ್ಕೆ, ಅಂದರೆ ಬಾಹುವಿನ ಆಚೆಗೆ, 5 ಸೆಂ.ಮೀ. ಹೋಗಿ ಅಲ್ಲಿಂದ ಮೇಲಕ್ಕೆ 12 ಸೆಂ.ಮೀ. ಅದೇ ಸಿ. ಬಾಹುಗಳು 4, 13, 15 ಬರುತ್ತವೆ. ಮೊದಲಿನ ಎರಡು ಲಂಬಕೋನ ತ್ರಿಭುಜಗಳನ್ನು ಅಕ್ಕಪಕ್ಕ ಇಡುವ ಬದಲು ಒಂದರ ಮೇಲೊಂದು ಇಟ್ಟ ಹಾಗೆ.

ಇಲ್ಲಿ ಎಲ್ಲ ಚುಕ್ಕಿಗಳೂ ದೂರ ದೂರ ಚದುರುತ್ತವೆ. ಪರಿಕೇಂದ್ರ ತ್ರಿಭುಜದ ಹೊರಗೆ ಹೋಗುತ್ತದೆ, ಎ ಯಿಂದ ಬಲಕ್ಕೆ 2, ಮೇಲಕ್ಕೆ ಸುಮಾರು 7.9. ಎತ್ತರಗಳನ್ನು ಎಳೆಯುವಾಗ ಬಾಹುಗಳನ್ನೇ ಹೊರಗೆ ಚಾಚಬೇಕಾಗುತ್ತದೆ, ಮಕ್ಕಳು ಇಲ್ಲಿ "ಎತ್ತರ ಬೀಳೋದೇ ಇಲ್ಲ" ಅಂತ ಕೈಬಿಡುತ್ತಾರೆ. ಚುಕ್ಕಿಗೆರೆಯಲ್ಲಿ ಬಾಹುವನ್ನು ಮುಂದುವರಿಸಿ, ಆಗ ಬೀಳುತ್ತದೆ. ಲಂಬಕೇಂದ್ರ ಎ ಯಿಂದ ಎಡಕ್ಕೆ 5, ಕೆಳಕ್ಕೆ 3.75. ಜಿ ಮಾತ್ರ ಒಳಗೇ ಇದೆ, ಎತ್ತರ ಮತ್ತೆ 4. ಮಧ್ಯರೇಖೆಗಳು ಯಾವತ್ತೂ ತ್ರಿಭುಜ ಬಿಟ್ಟು ಹೊರಗೆ ಹೋಗುವುದಿಲ್ಲ, ಹಾಗಾಗಿ ಗುರುತ್ವಕೇಂದ್ರವೂ ಹೋಗುವುದಿಲ್ಲ. ಕೋನಾರ್ಧಕಗಳೂ ಹಾಗೇ. (ಲಂಬಕೋನ ತ್ರಿಭುಜದಲ್ಲಿ ಲಂಬಕೇಂದ್ರ ಲಂಬಕೋನದ ಮೂಲೆಯಲ್ಲೇ ಇರುತ್ತದೆ, ಪರಿಕೇಂದ್ರ ವಿಕರ್ಣದ ಮಧ್ಯದಲ್ಲಿ. ಆಯ್ಲರ್ ರೇಖೆ ಅಲ್ಲಿ ಒಂದು ಮಧ್ಯರೇಖೆಯೇ.)

ಪರಿಕೇಂದ್ರ, ಲಂಬಕೇಂದ್ರ ಸೇರಿಸಿದೆವು. ಈಗ ಗೆರೆ 13.6 ಸೆಂ.ಮೀ. ಉದ್ದ. ಜಿ ಕರಾರುವಾಕ್ಕಾಗಿ ಅದರ ಮೇಲೆ, ಒಂದು ಕಡೆ 4.5, ಇನ್ನೊಂದು ಕಡೆ 9. ಅವಳು ಕೋನಾರ್ಧಕ ಎಳೆದಳು. ಅಂತಃಕೇಂದ್ರ ಬಲಕ್ಕೆ 1, ಮೇಲಕ್ಕೆ 1.5 ಅಳತೆಯಲ್ಲಿ ಬಂತು. ಗೆರೆಯಿಂದ ಎಷ್ಟೋ ಆಚೆ. "ಮಾಮಾ, ಇದು ಗೆರೆ ಮೇಲಿಲ್ಲ" ಅಂದಳು.

ನಾನು ಹೇಳಿದ್ದು ತಪ್ಪಾಗಿತ್ತು. ಸಮದ್ವಿಬಾಹು ತ್ರಿಭುಜದಲ್ಲಿ ಮಾತ್ರ ಅಂತಃಕೇಂದ್ರ ಆಯ್ಲರ್ ರೇಖೆಯ ಮೇಲೆ ಬರುತ್ತದೆ (ಸಮಬಾಹುವಿನಲ್ಲಿ ನಾಲ್ಕೂ ಒಂದೇ ಚುಕ್ಕಿ, ಅಲ್ಲಿ ಗೆರೆಯೇ ಇಲ್ಲ). ಮೊದಲ ಹಾಳೆ ಯಾಕೆ ಮೋಸ ಮಾಡಿತು ಅಂತ ಲೆಕ್ಕ ಹಾಕಿ ನೋಡಿದೆವು. ಪರಿಕೇಂದ್ರ (7, 4.125). ಲಂಬಕೇಂದ್ರ (5, 3.75). ಇವುಗಳ ನಡುವೆ, ಬಲಕ್ಕೆ 6 ಇರುವ ಕಡೆ, ಗೆರೆಯ ಎತ್ತರ 3.9375. ಅಂತಃಕೇಂದ್ರದ ಎತ್ತರ 4. ವ್ಯತ್ಯಾಸ 0.0625 ಸೆಂ.ಮೀ., ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಮೊಂಡಾದ ಪೆನ್ಸಿಲ್ಲಿನ ಗೆರೆಯೇ ಅಷ್ಟು ದಪ್ಪ ಇತ್ತು. ಅವಳು ನೋಟ್ಸಿನ ಸಾಲಿಗೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ "0.06" ಅಂತ ಬರೆದಳು. ಚಿತ್ರದಲ್ಲಿ ಹಾಗೆ ಕಾಣುತ್ತದೆ ಅನ್ನುವುದಕ್ಕೂ ಹಾಗೇ ಆಗಬೇಕು ಅನ್ನುವುದಕ್ಕೂ ಇರುವ ದೂರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಈಗ ಯಾರಿಗಾದರೂ ಹೇಳಿಕೊಡುವಾಗ ಎರಡೂ ಹಾಳೆಯನ್ನು ಇಟ್ಟುಕೊಂಡೇ ಕೂರುತ್ತೇನೆ.

ಆ ಅರ್ಧ ಮಿಲಿಮೀಟರ್

0.0625 ಬರೀ ಕಾಕತಾಳೀಯ ಇರಬಹುದು ಅಂತ ಬಿಟ್ಟಿದ್ದೆ. ಇಲ್ಲ, ಅದರೊಳಗೂ ಒಂದು ಸಂಗತಿ ಇದೆ. ಮೊದಲ ಹಾಳೆಯನ್ನೇ ಮತ್ತೆ ತಗೊಳ್ಳಿ. ಇದು ಪರೀಕ್ಷೆಗೆ ಬರುವುದಲ್ಲ, ಇಷ್ಟು ದೂರ ಬಂದವರಿಗೆ.

ಪರಿಕೇಂದ್ರ ಮತ್ತು ಲಂಬಕೇಂದ್ರದ ಸರಿ ಮಧ್ಯದಲ್ಲಿ ಇನ್ನೊಂದು ಚುಕ್ಕಿ ಇಡಿ: (6, 3.9375). ಅಲ್ಲಿಂದ ಪರಿವೃತ್ತದ ಅರ್ಧದಷ್ಟು ತ್ರಿಜ್ಯದ, ಅಂದರೆ 4.0625 ಸೆಂ.ಮೀ. ವೃತ್ತ ಎಳೆಯಿರಿ. ಅದು ಮೂರು ಬಾಹುಗಳ ಮಧ್ಯಬಿಂದುಗಳ ಮೂಲಕ ಹೋಗುತ್ತದೆ. ಮೂರು ಎತ್ತರಗಳ ಪಾದದ ಮೂಲಕವೂ ಹೋಗುತ್ತದೆ. ಲಂಬಕೇಂದ್ರದಿಂದ ಮೂಲೆಗಳಿಗೆ ಹೋಗುವ ದಾರಿಯ ಅರ್ಧದಲ್ಲಿರುವ ಮೂರು ಬಿಂದುಗಳ ಮೂಲಕವೂ ಹೋಗುತ್ತದೆ. ಒಟ್ಟು ಒಂಬತ್ತು, ಅದಕ್ಕೇ ಒಂಬತ್ತು ಬಿಂದುಗಳ ವೃತ್ತ ಅನ್ನುತ್ತಾರೆ. ಒಂದು ಮಧ್ಯರೇಖೆಯ ಪಾದವೂ ಒಂದು ಎತ್ತರದ ಪಾದವೂ ಎಬಿ ಯ ಮೇಲೆ 7 ಮತ್ತು 5ರಲ್ಲಿ ಇದ್ದವಲ್ಲ, ಅವೆರಡನ್ನೂ ಈ ವೃತ್ತ ಮುಟ್ಟಿಕೊಂಡು ಹೋಗುವುದನ್ನು ಕಣ್ಣಾರೆ ನೋಡಬಹುದು.

ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಫ್ಯೂಯರ್‌ಬಾಖ್ 1822ರಲ್ಲಿ ತೋರಿಸಿದ್ದು ಏನು ಅಂದರೆ, ಸಮಬಾಹು ಅಲ್ಲದ ಯಾವ ತ್ರಿಭುಜದಲ್ಲೂ ಈ ವೃತ್ತ ಅಂತರ್ವೃತ್ತವನ್ನು ಸರಿಯಾಗಿ ಒಂದೇ ಚುಕ್ಕಿಯಲ್ಲಿ ಮುಟ್ಟುತ್ತದೆ. ಅಂತರ್ವೃತ್ತ ಒಳಗೆ, ಇದು ಹೊರಗೆ. ಹಾಗೆ ಮುಟ್ಟಬೇಕಾದರೆ ಎರಡು ಕೇಂದ್ರಗಳ ನಡುವಿನ ದೂರ ತ್ರಿಜ್ಯಗಳ ವ್ಯತ್ಯಾಸಕ್ಕೆ ಸಮ ಇರಬೇಕು. 4.0625ರಲ್ಲಿ 4 ಕಳೆದರೆ 0.0625. ಅದೇ ಸಂಖ್ಯೆ! ನನ್ನನ್ನು ದಾರಿ ತಪ್ಪಿಸಿದ ಆ ಅರ್ಧ ಮಿಲಿಮೀಟರ್ ಈ ಪ್ರಮೇಯದಿಂದಲೇ ಬಂದದ್ದು.

ಪೆನ್ಸಿಲ್ಲನ್ನು ಇನ್ನೊಮ್ಮೆ ಚೂಪು ಮಾಡಿಕೊಂಡು ಎರಡೂ ವೃತ್ತ ಎಳೆಯಿರಿ. ದೂರದಿಂದ ಒಂದೇ ದಪ್ಪ ವೃತ್ತದ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಕೆಳಗೆ, ಎಬಿ ಯ ಬಳಿ, ಎರಡರ ನಡುವೆ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು ಸಂದು ಇದೆ. ಮೇಲಕ್ಕೆ ಹೋಗುತ್ತ ಸಂದು ಕಿರಿದಾಗುತ್ತದೆ. ಎ ಯಿಂದ ಬಲಕ್ಕೆ 6, ಮೇಲಕ್ಕೆ 8 ಸೆಂ.ಮೀ. ಇರುವ ಕಡೆ ಪೂರ್ತಿ ಮುಚ್ಚಿಹೋಗುತ್ತದೆ. ಆ ಹುಡುಗಿ ಆ ಜಾಗದಲ್ಲಿ ಕೆಂಪು ಪೆನ್ನಿನಿಂದ ಚುಕ್ಕಿ ಇಟ್ಟಳು. ಹಾಳೆ ಇನ್ನೂ ನನ್ನ ಹತ್ತಿರ ಇದೆ.